ಇದ್ದಿಲ ಬಸ್ಸಿನಿಂದ ಆಟೋಮ್ಯಾಟಿಕ್ ಕಾರಿನ ತನಕ: ನಮ್ಮ ಕಡೆ ಎಣ್ಣೆ ಉಳಿಸಿದ ಕಥೆ

ಕಳೆದ ವರ್ಷ ಅಮ್ಮನನ್ನು ಕೂರಿಸಿಕೊಂಡು ಹೊಸನಗರದ ನೆಂಟರ ಮನೆಯಿಂದ ವಾಪಸ್ ಬರುತ್ತಿದ್ದೆ. ಹುಲಿಕಲ್ ಘಾಟಿ ಇಳಿಯುವಾಗ ಮಾವ ಹೇಳಿದ್ದು ನೆನಪಾಯಿತು. ಮಾವ ಕುಂದಾಪುರದಲ್ಲಿ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದವರು. "ಇಳ್ಜಾರಲ್ಲ್ ಪೆಟ್ರೋಲ್ ಎಂತಕ್ ಸುಡ್ತೆ ಮರಾಯಾ? ನ್ಯೂಟ್ರಲ್ ಹಾಕ್, ಗಾಡಿ ಅದೇ ಹೋತ್ತ್" ಅಂದಿದ್ದರು. ಹಾಕಿದೆ. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಕರಟಿದ ವಾಸನೆ. ಬ್ರೇಕ್ ಒತ್ತಿದರೆ ಮೊದಲಿನ ಹಿಡಿತ ಇಲ್ಲ. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಅಮ್ಮ ಏನೂ ಮಾತಾಡಲಿಲ್ಲ, ಕೆಳಗಿಳಿದು ದೂರ ಹೋಗಿ ನಿಂತರು. ಅದೇ ನನಗೆ ಹೆಚ್ಚು ಚುಚ್ಚಿತು.

ಮಾವ ಸುಳ್ಳು ಹೇಳುವವರಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಅದನ್ನು ಹುಡುಕುತ್ತಾ ಹೋದಾಗ ನಮ್ಮೂರಿನ ರಸ್ತೆಯ ಕಥೆಯೇ ಬಿಚ್ಚಿಕೊಂಡಿತು.

ನಮ್ಮ ಕರಾವಳಿಯಲ್ಲಿ ಮೊದಲಿನಿಂದಲೂ ಬಸ್ಸು ಎಂದರೆ ಖಾಸಗಿ ಬಸ್ಸು. ಸಿ.ಪಿ.ಸಿ., ಹನುಮಾನ್ ಎಂಬ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಸೇತುವೆಗಳಿಲ್ಲದ ಕಾಲದಲ್ಲಿ ಬಸ್ಸು ಕಡವಿನ ತನಕ ಮಾತ್ರ. ಅಲ್ಲಿ ದೋಣಿ ಹತ್ತಿ ಹೊಳೆ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕು. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. 1941ರಲ್ಲಿ ಯುದ್ಧದ ಕಾರಣಕ್ಕೆ ಪೆಟ್ರೋಲಿಗೆ ರೇಷನ್ ಬಂತು. ಮರುವರ್ಷ ಮಾರ್ಚ್‌ನಲ್ಲಿ ರಂಗೂನ್ ಜಪಾನಿನ ಕೈಗೆ ಹೋಯಿತು, ಬರ್ಮಾದ ಎಣ್ಣೆಯೂ ನಿಂತಿತು.

ಆಗ ಬಂದದ್ದು ಇದ್ದಿಲ ಬಸ್ಸು. ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಕೈಯಿಂದ ಫ್ಯಾನು ತಿರುಗಿಸುತ್ತಾ ಕೂರಬೇಕು. ಗಾಳಿ ಕಡಿಮೆ ಕೊಟ್ಟು ಇದ್ದಿಲು ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಗ್ಯಾಸು ಹುಟ್ಟುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿಲ್ಲದೆ ಗಾಡಿ ಓಡುತ್ತದೆ. ಓಡುತ್ತದೆ ಎಂದರೆ ಅಷ್ಟೇ. ಎಂಜಿನ್ನಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಖೋತಾ. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು. ಟಿಕೆಟ್ ದುಡ್ಡು ಕೊಟ್ಟವರೇ!

ಎಣ್ಣೆ ಉಳಿಸುವ ಪಾಠ ನಮ್ಮ ಡ್ರೈವರುಗಳಿಗೆ ಹತ್ತಿದ್ದು ಇಲ್ಲಿ ಎಂದು ನನ್ನ ಅಂದಾಜು. ಬಲ ಕಡಿಮೆ ಇರುವ ಗಾಡಿಯಲ್ಲಿ ಒಮ್ಮೆ ಬ್ರೇಕ್ ಒತ್ತಿದರೆ ಕಳೆದುಹೋದ ಓಟ ಮತ್ತೆ ಸಿಗುವುದು ಕಷ್ಟ. ಹಾಗಾಗಿ ದೂರದಿಂದಲೇ ನೋಡು, ಕಾಲು ಬೇಗ ತೆಗೆ, ಓಟ ಉಳಿಸಿಕೊ.

ಎರಡನೇ ಹೊಡೆತ 1973ರದ್ದು. ಅರಬ್ ದೇಶಗಳು ಅಕ್ಟೋಬರಿನಲ್ಲಿ ಎಣ್ಣೆ ತಡೆದವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟು. ಆ ನವೆಂಬರಿನಲ್ಲಿ ವಾಜಪೇಯಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿ ಪ್ರತಿಭಟಿಸಿದ್ದು ನೆನಪಿರಬಹುದು. 1978ರಲ್ಲಿ ಕೇಂದ್ರ ಸರ್ಕಾರ ಪಿ.ಸಿ.ಆರ್.ಎ. ಎಂಬ ಪೆಟ್ರೋಲಿಯಂ ಸಂರಕ್ಷಣಾ ಸಂಸ್ಥೆ ಶುರು ಮಾಡಿತು. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ ಎಂಬ ಬುದ್ಧಿಮಾತು ಅಲ್ಲಿಯದೇ.

ಮಾವನ ನ್ಯೂಟ್ರಲ್ ವಿದ್ಯೆ ಈ ಅಂಬಾಸಿಡರ್ ಕಾಲದ್ದು, ಮತ್ತು ಆ ಕಾಲಕ್ಕೆ ಅದರಲ್ಲಿ ಲೆಕ್ಕ ಇತ್ತು. ಪೆಟ್ರೋಲ್ ಅಂಬಾಸಿಡರಿಗೆ ಕಾರ್ಬುರೇಟರ್. ಎಂಜಿನ್ ಗಾಳಿ ಎಳೆದಾಗ ಜೊತೆಗೆ ಪೆಟ್ರೋಲೂ ಬರುತ್ತದೆ, ಅದಕ್ಕೆ ಏರು ಇಳಿಜಾರು ಗೊತ್ತಿಲ್ಲ. ಗೇರಿನಲ್ಲಿ ಇಳಿದರೆ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತದೆ, ಸುಮ್ಮನೆ ಪೆಟ್ರೋಲ್ ಹೋಗುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಮೆಲ್ಲ ತಿರುಗುತ್ತದೆ, ಉಳಿತಾಯ ನಿಜ. ಕೆಲವರು ಕೀಲಿಯನ್ನೇ ತಿರುಗಿಸಿ ಆಫ್ ಮಾಡುತ್ತಿದ್ದರು. ಹಳೆಯ ಅಂಬಾಸಿಡರಿನ ಬ್ರೇಕು, ಸ್ಟೇರಿಂಗ್ ಎರಡೂ ಬರೀ ಮೈಬಲದಿಂದ ನಡೆಯುತ್ತಿದ್ದುದರಿಂದ ಎಂಜಿನ್ ನಿಂತರೂ ಅವು ಹಾಗೇ ಇರುತ್ತಿದ್ದವು. ಬ್ರೇಕ್ ಕಾಯುವ ಅಪಾಯ ಮಾತ್ರ ಆಗಲೂ ಇತ್ತು. ಕಡಿದಾದ ಘಾಟಿಯಲ್ಲಿ ತಾವೂ ಎರಡನೇ ಗೇರು ಬಿಡುತ್ತಿರಲಿಲ್ಲ ಎಂದು ಮಾವ ಆಮೇಲೆ ಒಪ್ಪಿಕೊಂಡರು. ಆ ಅರ್ಧ ಪಾಠ ನನಗೆ ತಲುಪಿರಲೇ ಇಲ್ಲ.

2000ರ ಆಸುಪಾಸಿನಲ್ಲಿ ಹೊಗೆ ನಿಯಮ ಬಿಗಿಯಾಗಿ ಕಾರ್ಬುರೇಟರ್ ಹೋಯಿತು, ಇಂಜೆಕ್ಟರ್ ಬಂತು. ಈಗಿನ ಕಾರಿನಲ್ಲಿ ಗೇರಿನಲ್ಲೇ ಇದ್ದು ಕಾಲು ತೆಗೆದರೆ, ಚಕ್ರವೇ ಎಂಜಿನ್ ತಿರುಗಿಸುತ್ತಿದೆ ಎಂದು ಕಂಪ್ಯೂಟರಿಗೆ ತಿಳಿಯುತ್ತದೆ. ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ವೇಗ ತುಂಬಾ ಇಳಿದ ಮೇಲಷ್ಟೇ ಮತ್ತೆ ಬಿಡುತ್ತದೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯಲೇಬೇಕು. ನಾನು ಘಾಟಿಯಲ್ಲಿ ಉಳಿಸಲು ಹೋಗಿ ಖರ್ಚು ಮಾಡಿದ್ದೆ, ಎಂಜಿನ್ನಿನ ಹಿಡಿತವನ್ನೂ ಕಳೆದುಕೊಂಡಿದ್ದೆ. ಕೀಲಿ ಆಫ್ ಮಾಡಿದ್ದರೆ ಕಥೆ ಬೇರೆಯೇ. ಈಗಿನ ಬ್ರೇಕಿಗೆ ಎಂಜಿನ್ನಿನ ಬೆಂಬಲ ಬೇಕು. ಅದು ನಿಂತು ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ, ಸ್ಟೇರಿಂಗೂ ಭಾರ.

ಇನ್ನು ಆಟೋಮ್ಯಾಟಿಕ್. ಅದು ಪೆಟ್ರೋಲ್ ಕುಡಿಯುತ್ತದೆ ಎಂಬ ಮಾತು ಹಳೆಯದು, ಆಗಿನ ಗೇರ್‌ಬಾಕ್ಸಿಗೆ ನಿಜವೂ ಹೌದು. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಬಂದಾಗ ಲೆಕ್ಕ ಬದಲಾಯಿತು. ಅದರಲ್ಲಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಕಂಪನಿ ಹೇಳಿದ ಮೈಲೇಜು ಮ್ಯಾನುವಲ್‌ಗೂ ಇದಕ್ಕೂ ಒಂದೇ, ಲೀಟರಿಗೆ 23.1 ಕಿಲೋಮೀಟರ್. ಕಾಗದದ ಅಂಕಿ, ಬಿಡಿ.

ನನ್ನದೂ ಇಂಥದ್ದೇ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ತ್ರಾಸಿ ಕಡೆಯಿಂದ ಮಣಿಪಾಲಕ್ಕೆ ವಾರಕ್ಕೆ ಮೂರ್ನಾಲ್ಕು ಸಲ ಹೋಗಬೇಕು. ವರದಿಗೆ ಸಿಗುವ ದುಡ್ಡಿನಲ್ಲಿ ಪೆಟ್ರೋಲ್ ಲೆಕ್ಕ ಹಿಡಿಯದೆ ಗತಿಯಿಲ್ಲ. ಇದರಲ್ಲಿ ಗೇರು ನನ್ನ ಕೈಯಲ್ಲಿಲ್ಲ, ಆದರೆ ಕಾಲಿನಿಂದ ಕೇಳಬಹುದು. ಜೋರಾಗಿ ಒತ್ತಿದರೆ ಅದು ಕೆಳಗಿನ ಗೇರಿಗೆ ಬಿದ್ದು ಚೀರುತ್ತದೆ. ಓಟ ಹಿಡಿದ ಮೇಲೆ ಕಾಲು ಸ್ವಲ್ಪ ಸಡಿಲಿಸಿದರೆ ಮೇಲಿನ ಗೇರಿಗೆ ಹೋಗುತ್ತದೆ. ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದುಕೊಂಡರೆ ಕ್ಲಚ್ ಸುಡುತ್ತದೆ, ಬ್ರೇಕ್ ಹಿಡಿಯಬೇಕು. ಘಾಟಿ ಇಳಿಯುವಾಗ ಮ್ಯಾನುವಲ್ ಮೋಡಿಗೆ ಹಾಕಿ ಎರಡನೇ ಗೇರು. ಟಯರಿನ ಗಾಳಿಯ ವಿಷಯ ಎಲ್ಲರಿಗೂ ಗೊತ್ತು, ತಿಂಗಳಿಗೊಮ್ಮೆಯೂ ಯಾರೂ ನೋಡುವುದಿಲ್ಲ.

ಹೆಚ್ಚು ಕದಿಯುವುದು ಹೈವೇಯೇ. ಚತುಷ್ಪಥ ಆದ ಮೇಲೆ ಎಲ್ಲರಿಗೂ ನೂರರ ಆಸೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 50ರಿಂದ 100ಕ್ಕೆ ಹೋದರೆ ತಡೆ ಎರಡಲ್ಲ, ನಾಲ್ಕು ಪಟ್ಟು. ಮರವಂತೆಯ ಸಮುದ್ರದ ಗಾಳಿ ಎದುರಾದ ದಿನ ಇನ್ನೂ ಹೆಚ್ಚು. ನಾನೀಗ 60ರ ಆಸುಪಾಸಿನಲ್ಲೇ ಎಡಬದಿಯಲ್ಲಿ ಹೋಗುತ್ತೇನೆ. ಎಕ್ಸ್‌ಪ್ರೆಸ್ ಬಸ್ಸಿನವರು ಹಾರ್ನ್ ಹೊಡೆದು ಹೋಗುತ್ತಾರೆ, ಹೋಗಲಿ.

ಮೊನ್ನೆ ಮಾವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಘಾಟಿ ಇಳಿದೆ. ಎರಡನೇ ಗೇರು, ಕಾಲು ಪೂರ್ತಿ ಹೊರಗೆ. ಮೀಟರಿನ ಮೈಲೇಜು ಗೀಟು ತುದಿ ಮುಟ್ಟಿ ನಿಂತಿತ್ತು. ಮಾವ ಅದನ್ನೇ ನೋಡುತ್ತಾ ಕಿವಿಗೊಟ್ಟರು.

"ಎಂಜಿನ್ ತಿರ್ಗ್ತಿತ್ತಲೆ?"

"ತಿರ್ಗ್ತಿತ್ತ್ ಮಾವ. ಪೆಟ್ರೋಲ್ ಮಾತ್ರ ಇಲ್ಲೆ."

ಹೊಸಂಗಡಿ ಬರುವ ತನಕ ಅವರು ಮೀಟರಿನಿಂದ ಕಣ್ಣು ತೆಗೆಯಲಿಲ್ಲ.