ಜಮಖಂಡಿ–ಮುಧೋಳ ಪ್ರಾಂತದಲ್ಲಿ ಕಳೆಯ ನಿಯಂತ್ರಣ: ಒಂದು ಐತಿಹಾಸಿಕ ಪರಿಶೀಲನೆ

ಕೃಷಿಯ ಇತಿಹಾಸವನ್ನು ಬರೆಯುವವರು ಬೆಳೆಯನ್ನೂ ಕಂದಾಯವನ್ನೂ ಕುರಿತು ವಿಚಾರಿಸುವುದುಂಟು. ಕಳೆಯನ್ನು ಕುರಿತು ವಿಚಾರಿಸಿದವರು ವಿರಳ. ಆದರೂ ಒಕ್ಕಲಿಗನ ದುಡಿಮೆಯ ದೊಡ್ಡ ಪಾಲು ಕಳೆಗೇ ಸಲ್ಲುತ್ತದೆ. ಕೃಷ್ಣಾ-ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಗಳಲ್ಲಿ ಕಳೆ ಕೀಳುವ ಹೊಣೆ ಯಾರದಾಗಿತ್ತು, ಅದು ಹೇಗೆ ಬದಲಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

1948ರವರೆಗೆ ಈ ಪ್ರದೇಶವು ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರ ಸಂಸ್ಥಾನ. ಬನಹಟ್ಟಿಯು ಜಮಖಂಡಿಗೂ ನೆರೆಯ ರಬಕವಿಯು ಸಾಂಗಲಿಗೂ ಸೇರಿದ್ದವು. ಬೀಳಗಿಯಾದರೋ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಒಡೆತನ ಹೀಗೆ ಹಲವಾದರೂ ಎರೆಭೂಮಿಯ ಕಳೆಗಳು ಒಂದೇ ಆಗಿದ್ದವು. ಅವುಗಳಲ್ಲಿ ಮುಖ್ಯವಾದವು ಕರಿಕೆ ಮತ್ತು ಜೇಕು.

ಕರಿಕೆಯ ಬೇರುಕಾಂಡದ ಒಂದು ಗಿಣ್ಣು ಮಣ್ಣಿನಲ್ಲಿ ಉಳಿದರೂ ಸಾಕು, ಅದು ಮರಳಿ ಚಿಗುರುತ್ತದೆ. ಜೇಕಿನ ಗಡ್ಡೆಯ ಸ್ವಭಾವವೂ ಹೀಗೆಯೇ. ಕುಂಟೆಯಾಗಲಿ ಎಡೆಕುಂಟೆಯಾಗಲಿ ಮೇಲ್ಮಣ್ಣನ್ನು ಮಾತ್ರ ಸವರಬಲ್ಲವು. ಸಾಲಿನೊಳಗಿನ ಕಸವನ್ನು ಹೆಣ್ಣಾಳುಗಳು ಕುಳಿತು ಕೈಯಿಂದಲೇ ತೆಗೆಯಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ತಯಾರಿಸತೊಡಗಿ, 1910ರ ತರುವಾಯ ಔಂಧ ಸಂಸ್ಥಾನದ ಕಿರ್ಲೋಸ್ಕರವಾಡಿಯಲ್ಲಿ ಮುಂದುವರಿಸಿದ ಕಬ್ಬಿಣದ ನೇಗಿಲು ಇಂಥ ಬೇರನ್ನು ಆಳದಿಂದ ಮಗುಚಿ ಬೇಸಗೆಯ ಬಿಸಿಲಿಗೆ ಒಡ್ಡಬಲ್ಲುದಾಗಿತ್ತು. ಆದರೆ ಎರೆಯಲ್ಲಿ ಅದನ್ನೆಳೆಯಲು ಒಂದು ಜೋಡಿ ಎತ್ತು ಸಾಲದು. ನೆರೆಯವರ ಎತ್ತುಗಳೂ ಬೇಕು. ಆದಕಾರಣ ಅಂದಿನ ಕಳೆಯ ನಿಯಂತ್ರಣವು ಮುಯ್ಯಿಯನ್ನು ಅವಲಂಬಿಸಿತ್ತು. ಇನ್ನೊಂದು ಸಂಗತಿಯೂ ಗಮನಾರ್ಹ: ಹೊಲದಲ್ಲಿ ವೈರಿಯಾದ ಕರಿಕೆಯು ಬದುವಿನ ಮೇಲೆ ದನಗಳಿಗೆ ಮೇವು. ಕಿತ್ತ ಕಳೆಯೂ ಮನೆಗೆ ಬರುತ್ತಿತ್ತು.

ಈ ವ್ಯವಸ್ಥೆಯನ್ನು ಕದಡಿದುದು ಪಾರ್ಥೇನಿಯಂ. 1955ರಲ್ಲಿ ಪುಣೆಯಲ್ಲಿ ಕಂಡುಬಂದ ಈ ಅಮೆರಿಕ ಮೂಲದ ಸಸ್ಯವನ್ನು ಆರ್. ಎಸ್. ರಾವ್ ಅವರು 1956ರಲ್ಲಿ ದಾಖಲಿಸಿದರು. ಜನರು ಇದನ್ನು ‘ಕಾಂಗ್ರೆಸ್ ಕಸ’ವೆಂದು ಕರೆದು, ಅಮೆರಿಕದ ಪಿ.ಎಲ್. 480 ಗೋದಿಯೊಡನೆ ಬಂದಿತೆಂದು ನಂಬಿದರು. ಆದರೆ ಆ ಕಾಯಿದೆಯನ್ವಯ ಗೋದಿಯ ಮೊದಲ ಒಪ್ಪಂದಕ್ಕೆ ಸಹಿಯಾದುದು 1956ರ ಆಗಸ್ಟಿನಲ್ಲಿ. ಆದ್ದರಿಂದ ಕಳೆಯ ಆಗಮನಕ್ಕೆ ಅದನ್ನೇ ಕಾರಣವೆನ್ನಲಾಗದು. ಒಂದು ಗಿಡವು ಹದಿನೈದು ಸಾವಿರಕ್ಕೂ ಮೀರಿ ಬೀಜ ಉದುರಿಸಬಲ್ಲುದು. ಇದನ್ನು ದನ ಮೇಯದು. ತಿಂದರೂ ಹಾಲು ಕಹಿಯಾಗುತ್ತದೆ. ಬರಿಗೈಯಿಂದ ಕಿತ್ತವರಿಗೆ ಚರ್ಮದ ಉರಿ, ತುರಿಕೆ. ಎಂದರೆ ಮೇವಿನ ಲಾಭವು ಹೋಗಿ ಕಳೆ ಕೀಳುವವಳ ಪಾಲಿಗೆ ನೋವು ಮಾತ್ರ ಉಳಿಯಿತು.

ಇದು ಬೇರೂರುವ ಸ್ಥಳವೂ ವಿಚಾರಾರ್ಹ: ಗೋಮಾಳ, ರಸ್ತೆಯ ಬದಿ, ಕಾಲುವೆಯ ದಂಡೆ. ಕಬ್ಬಿನ ಗದ್ದೆಯಲ್ಲಿ ಅಟ್ರಜಿನ್ ಮೊದಲಾದ ಕಳೆನಾಶಕಗಳನ್ನು ರೈತನು ತನ್ನ ಹಣದಿಂದ ಸಿಂಪಡಿಸುತ್ತಾನೆ. ಸಾರ್ವಜನಿಕ ಭೂಮಿಗೆ ಸಿಂಪಡಿಸುವವರು ಯಾರು? 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮದನ್ವಯ ಸರಕಾರವು 1975ರಲ್ಲಿ ಪಾರ್ಥೇನಿಯಮನ್ನು ಹಾನಿಕರ ಕಳೆಯೆಂದು ಘೋಷಿಸಿತು. ಈ ಶಾಸನವು ಹೊಣೆಯನ್ನು ಭೂಮಿಯ ಅನುಭೋಗದಾರನ ಮೇಲೆ ಹೊರಿಸುತ್ತದೆ. ಒಬ್ಬನ ಅನುಭೋಗದಲ್ಲಿಲ್ಲದ ನೆಲದಲ್ಲಿ ಅದರ ಬಲ ಕುಂದುವುದು ಸಹಜ.

ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಗೊಳಿಸಿದ ಜೈಗೋಗ್ರಾಮಾ ಜೀರುಂಡೆಯು ಎಲ್ಲೆಗಳನ್ನು ಲೆಕ್ಕಿಸದೆ ಈ ಕಳೆಯ ಎಲೆಯನ್ನು ತಿನ್ನುತ್ತದೆ. ಅದು ಮಳೆಗಾಲದಲ್ಲಿ ಚುರುಕಾಗಿ, ಒಣಗಾಲದಲ್ಲಿ ಮಣ್ಣಿನೊಳಗೆ ನಿಶ್ಚೇಷ್ಟವಾಗಿರುತ್ತದೆ. ಮಳೆ ಕಡಿಮೆಯಾದ ನಮ್ಮ ಪ್ರಾಂತದಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ. ಹೂ ಬಿಡುವ ಮೊದಲೇ, ಕೈಗವಸು ತೊಟ್ಟು, ಊರೊಟ್ಟಿನಿಂದ ಕೀಳುವುದೂ ಅವಶ್ಯ.

ಇದರಿಂದ ನಾವು ಕಾಣುವ ನಿರ್ಣಯವಿಷ್ಟು. ಸಂಸ್ಥಾನಗಳ ಗಡಿಗಳು 1948ರಲ್ಲಿ ಅಳಿದವು. ಹೊಲಗಳ ಗಡಿಗಳು ಉಳಿದವು. ಕಳೆಯು ಎರಡನ್ನೂ ಮನ್ನಿಸಲಿಲ್ಲ. ಕರಿಕೆಯನ್ನು ಗೆಲ್ಲಲು ನೆರೆಯವನ ಎತ್ತು ಬೇಕಾಗಿದ್ದಂತೆ, ಪಾರ್ಥೇನಿಯಮನ್ನು ಗೆಲ್ಲಲು ನೆರೆಯೂರಿನ ಕೈಯೂ ಬೇಕು. ಗೋಮಾಳದ ಕಳೆಗೆ ಗ್ರಾಮವೇ ಒಡೆಯನಾಗಿ ನಿಲ್ಲದಿದ್ದಲ್ಲಿ ಪ್ರತಿಯೊಬ್ಬ ರೈತನೂ ತನ್ನ ಹೊಲದಲ್ಲಿ ಊರ ಕಳೆಯನ್ನೇ ವರ್ಷವರ್ಷವೂ ಕೀಳುತ್ತಿರಬೇಕಾಗುತ್ತದೆ.