ಒಡ್ಡು ಕಟ್ಟಿದ್ದು ಗದ್ದೆಗೆ, ಬಂದದ್ದು ಹಕ್ಕಿ

ದ್ವೀಪದ ಪ್ರವಾಸ ಅಂದರೆ ಮೈಸೂರಿನ ಟ್ರಾವೆಲ್ಸ್ ಅಂಗಡಿಗಳ ಫಲಕದಲ್ಲಿ ಕಾಣುವುದು ಅಂಡಮಾನ್, ಶ್ರೀಲಂಕಾ, ಬಾಲಿ. ಒಂದು ದಿನ ಆನೆ, ಒಂದು ದಿನ ದೇವಸ್ಥಾನ, ಸಂಜೆಗೊಂದು ಕುಣಿತ. ಇದೇ ಸರಕು ಊರಿಂದ ಹದಿನೈದು ಕಿಲೋಮೀಟರ್ ಆಚೆ, ಕಾವೇರಿ ಎರಡಾಗಿ ಸೀಳಿಕೊಂಡು ಮತ್ತೆ ಕೂಡುವ ಕಡೆ ಇದೆ. ಆದರೆ ಶ್ರೀರಂಗಪಟ್ಟಣವನ್ನು ಯಾರೂ ದ್ವೀಪವೆಂದು ನೋಡಲು ಹೋಗುವುದಿಲ್ಲ. ಬಸ್ಸು ಸೇತುವೆ ದಾಟಿದ್ದು ಗೊತ್ತಾಗುವ ಮೊದಲೇ ದೇವಸ್ಥಾನದ ಮುಂದೆ ನಿಂತಿರುತ್ತದೆ. ಹೊಳೆಯ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ ಎಂಬುದು ಹಳೆಯ ನಂಬಿಕೆ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬೇಕೆಂದು ಹೊರಡುವ ಭಕ್ತರೇ ಈ ದ್ವೀಪಗಳ ಮೊದಲ ಪ್ರವಾಸಿಗರು.

ಎರಡನೆಯ ಬಗೆಯ ಪ್ರವಾಸಿಗರು 1799ರ ಮೇ 4ರ ನಂತರ ಬಂದರು. ಟಿಪ್ಪು ಬಿದ್ದ ಜಾಗ, ಕೈದಿಗಳಿದ್ದ ಸೆರೆಮನೆ, ಕೋಟೆ ಒಡೆದ ಬಿರುಕು: ಇವತ್ತಿಗೂ ಗೈಡುಗಳು ತೋರಿಸುವ ದಾರಿ ಬ್ರಿಟಿಷ್ ಸಿಪಾಯಿಗಳ ನೆನಪಿನ ದಾರಿಯೇ. ಮರುವರ್ಷವೇ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್ ಇಲ್ಲಿನ ಬೆಳೆ, ಕಸುಬು, ಜಾತಿಗಳನ್ನೆಲ್ಲ ಬರೆದುಕೊಂಡ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆಗಳ ಮೇಲೆ ಇಂಗ್ಲಿಷರೇ ಸೋತ ಪೊಳ್ಳಿಲೂರು ಯುದ್ಧದ ಚಿತ್ರವಿತ್ತು. ಅದು ಮಾಸಿದಾಗ ಮತ್ತೆ ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ಸೋಲನ್ನು ಕಾಸು ಕೊಟ್ಟು ಉಳಿಸಿಕೊಳ್ಳುವ ಧೈರ್ಯ ಗೆದ್ದವರಿಗೆ ಮಾತ್ರ ಇರುತ್ತದೆ! 1868ರಲ್ಲಿ ವಿಲ್ಕಿ ಕಾಲಿನ್ಸ್ ತನ್ನ ‘ದಿ ಮೂನ್‌ಸ್ಟೋನ್’ ಕಾದಂಬರಿಯನ್ನು ಶ್ರೀರಂಗಪಟ್ಟಣದ ಲೂಟಿಯಿಂದಲೇ ಶುರುಮಾಡಿದ. ಲಂಡನ್ನಿನ ಓದುಗರಿಗೆ ಹೆಸರು ಹಾಗೆ ಪರಿಚಯವಾಯಿತು. ಊರಿಗೆ ಮಾತ್ರ ಇದರಿಂದ ಏನೂ ಬರಲಿಲ್ಲ. ಜ್ವರದ ಕಾಟ ತಾಳಲಾರದೆ 1809ರಲ್ಲಿ ಕಂಪನಿಯ ದಂಡು ಬೆಂಗಳೂರಿಗೆ ಹೊರಟುಹೋಗಿತ್ತು. ರಾಜಧಾನಿ ಅದಕ್ಕೂ ಮೊದಲೇ ಮೈಸೂರಿಗೆ ಹೋಗಿತ್ತು. 1610ರಲ್ಲಿ ರಾಜ ಒಡೆಯರು ಈ ದ್ವೀಪದಲ್ಲಿ ಆರಂಭಿಸಿದ್ದ ದಸರೆಯೂ ಅದರ ಹಿಂದೆಯೇ ನಡೆಯಿತು.

ಮೈಸೂರು ಸೀಮೆಯ ಪ್ರವಾಸೋದ್ಯಮ ಹುಟ್ಟಿದ್ದು ಅರಮನೆಯ ಅತಿಥಿ ಸತ್ಕಾರದಲ್ಲಿ. ದಸರೆಗೆ ಬಂದ ಬಿಳಿಯರಿಗೆ ಪ್ರತ್ಯೇಕ ದರ್ಬಾರು, ಆಮೇಲೆ ಕಾಡು. ನೀರಾವರಿ ಇಲಾಖೆಯ ಜಿ.ಪಿ. ಸ್ಯಾಂಡರ್‌ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಆನೆ ಹಿಂಡನ್ನು ಹಿಡಿದ ಮೇಲೆ ಅದು ರಾಜಮನೆತನದ ಅತಿಥಿಗಳಿಗೆ ತೋರಿಸುವ ಆಟವಾಯಿತು. 1906ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಐದನೆಯ ಜಾರ್ಜ್ ಆದವನು, ಬಂದಾಗಲೂ ಖೆಡ್ಡಾ ಇತ್ತು. ಕಾಕನಕೋಟೆಯ ಹತ್ತಿರ ಕಬಿನಿ ಹೊಳೆಗೆ ಹಿಂಡನ್ನು ಇಳಿಸಿ, ದಾಟಿಸಿ, ಆವರಣಕ್ಕೆ ಓಡಿಸುತ್ತಿದ್ದರು. ಅತಿಥಿಗಳು ಅಟ್ಟಣೆಯ ಮೇಲೆ. ತಮಟೆ, ಬೆಂಕಿ, ಕೂಗಿನ ನಡುವೆ ಆನೆಯ ಕಾಲ ಬುಡದಲ್ಲಿ ಓಡುತ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು ಮತ್ತು ಮಾವುತರು. ಅಂಥ ಒಬ್ಬ ಮಾವುತನ ಮಗ, ಕಾರಾಪುರದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್‌ವರೆಗೆ ಹೋದ. ಈ ಕಾಡಿನಿಂದ ಜಗತ್ತಿಗೆ ಹೆಸರು ಗೊತ್ತಾದ ಮೊದಲ ಮನುಷ್ಯ ಅವನೇ ಇರಬೇಕು.

ಖೆಡ್ಡಾಗಳ ಆ ಕಾಲದಲ್ಲೇ ಮೈಸೂರು ಊರೊಳಗೂ ನೋಡುವ ಜಾಗಗಳು ಎದ್ದವು. 1892ರಲ್ಲಿ ಹತ್ತು ಎಕರೆಯಲ್ಲಿ ಅರಮನೆಯ ಮೃಗಾಲಯ ಆರಂಭವಾಯಿತು, 1909ರಲ್ಲಿ ಅದಕ್ಕೆ ಚಾಮರಾಜೇಂದ್ರರ ಹೆಸರು ಬಂತು. 1897ರ ಬೆಂಕಿಯ ನಂತರ ಹೆನ್ರಿ ಅರ್ವಿನ್ ಯೋಜಿಸಿದ ಹೊಸ ಅರಮನೆ 1912ಕ್ಕೆ ಮುಗಿಯಿತು. ವೈಸರಾಯರು ಇಳಿದುಕೊಳ್ಳಲೆಂದು 1921ರಲ್ಲಿ ಲಲಿತಮಹಲ್‌ಗೆ ಅಡಿಗಲ್ಲು ಬಿತ್ತು. ಊರಿಗೆ ಬರುವವರು ಇನ್ನೂ ಆಮಂತ್ರಣದ ಮೇಲೆಯೇ ಬರುವವರು. ಮಿಕ್ಕ ಪ್ರಜೆಗಳಿಗೆ ಜಂಬೂಸವಾರಿಯ ದಾರಿಯ ಬದಿ ಇತ್ತು.

ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಕುತೂಹಲದ್ದು ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟು. ಇದನ್ನು ಪ್ರಕೃತಿಯ ಕೊಡುಗೆ ಎಂದು ಫಲಕಗಳು ಹೊಗಳುತ್ತವೆ. ನಿಜ ನೋಡಿದರೆ ಅದು ರೈತರ ನಾಲೆಯ ಉಪಫಲ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನೀರು ನಿಂತು, ಬಂಡೆಗಳ ಸುತ್ತ ಮಣ್ಣು ಕೂತು, ಸಣ್ಣ ತಿಟ್ಟುಗಳು ಮೂಡಿದವು. ಮರ ಬೆಳೆಯಿತು, ಹಕ್ಕಿ ಬಂತು. ಸುತ್ತ ನೀರು, ನೀರಲ್ಲಿ ಮೊಸಳೆ. ಮೊಟ್ಟೆ ಕದಿಯುವವರು ದಾಟಿ ಬರಲಾರರು. ಮೂರು ಶತಮಾನ ಹಾಗೆಯೇ ಇದ್ದ ಜಾಗವನ್ನು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಕಂಡರು. ಅರಸರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದರು. ಮುಕ್ಕಾಲು ಚದರ ಕಿಲೋಮೀಟರ್ ಕೂಡ ಇಲ್ಲದ ಈ ಜಾಗ 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ) ಆಯಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಬಂಡೆಯ ಮೇಲೆ ಮೊಟ್ಟೆಯಿಡುವ ರೀವ, ಕೊಂಬೆಗೆ ತಲೆಕೆಳಗಾಗಿ ನೇತುಬಿದ್ದ ಬಾವಲಿಗಳು, ದಡದಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ: ಅರ್ಧ ಗಂಟೆಯ ದೋಣಿಯಲ್ಲಿ ಇಷ್ಟನ್ನೂ ಇಷ್ಟು ಹತ್ತಿರ ತೋರಿಸುವ ಜಾಗ ನಾಡಿನಲ್ಲಿ ಇನ್ನೊಂದಿಲ್ಲ. ಹುಟ್ಟು ಹಾಕುವವನು ಹಕ್ಕಿಯ ಕನ್ನಡ, ಇಂಗ್ಲಿಷ್ ಹೆಸರೆರಡನ್ನೂ ಹೇಳುತ್ತಾನೆ. ದೋಣಿಯಲ್ಲಿ ಕೂತವರು ಮೊಸಳೆಯ ಜೊತೆ ಸೆಲ್ಫಿಗೆ ಹೊಂಚುತ್ತಿರುತ್ತಾರೆ.

ಒಮ್ಮೆ ಈ ಒಡ್ಡಿನ ಜಾಡು ಹಿಡಿದರೆ ಮೈಸೂರಿನ ಸುತ್ತ ಎಲ್ಲೆಡೆ ಅದೇ ಕಾಣುತ್ತದೆ. ಕಾರಂಜಿ ಕೆರೆಯೂ ಕಟ್ಟಿದ್ದೇ. ಅದರ ನಡುಗಡ್ಡೆಯಲ್ಲಿ ಈಗ ಚಿಟ್ಟೆಗಳ ಉದ್ಯಾನವಿದೆ. ಬೃಂದಾವನಕ್ಕೆ ಕನ್ನಂಬಾಡಿಯ ಕೆ.ಆರ್.ಎಸ್. ಕಟ್ಟೆಯೇ ತಾಯಿ. ಇನ್ನು ಕಬಿನಿ. 1974ರ ಅಣೆಕಟ್ಟು ಕಾಕನಕೋಟೆಯ ಹಳೆಯ ಖೆಡ್ಡಾ ನೆಲವನ್ನೂ ಕಾಡಿನ ಒಳ್ಳೆಯ ಭಾಗವನ್ನೂ ಮುಳುಗಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದೇ ನೆಲದಲ್ಲಿ ಹುಲ್ಲು ಚಿಗುರುತ್ತದೆ. ಬಂಡೀಪುರ, ನಾಗರಹೊಳೆ, ವಯನಾಡಿನ ಕಡೆಯಿಂದ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ದೇಶವಿದೇಶದ ಕ್ಯಾಮೆರಾಗಳು ಹುಡುಕಿಕೊಂಡು ಬರುವ ಈ ನೋಟ ಅಣೆಕಟ್ಟಿಗೆ ಮೊದಲು ಇರಲಿಲ್ಲ.

1970ರ ದಶಕದಲ್ಲಿ ಎಲ್ಲವೂ ಒಟ್ಟಿಗೆ ತಿರುಗಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು, ರಾಜಧನವೂ ರದ್ದಾಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಶಿಕಾರಿ ಮುಗಿಯಿತು. 1931ರಲ್ಲಿ ಅರಸರು ವನ್ಯಧಾಮವೆಂದು ಗುರುತಿಸಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅದೇ ವರ್ಷ ‘ಗಂಧದ ಗುಡಿ’ ತೆರೆಗೆ ಬಂದು, ರಾಜ್‌ಕುಮಾರ್ ಅರಣ್ಯಾಧಿಕಾರಿಯ ವೇಷದಲ್ಲಿ ಕನ್ನಡಿಗರಿಗೆ ಕಾಡನ್ನು ತೋರಿಸಿದರು. ಲಲಿತಮಹಲ್ 1974ರಲ್ಲಿ ಹೋಟೆಲಾಯಿತು. ದುಡ್ಡಿದ್ದರೆ ಯಾರು ಬೇಕಾದರೂ ವೈಸರಾಯ್. ಶಾಲೆಯ ಮಕ್ಕಳು ಚಿತ್ರಾನ್ನದ ಡಬ್ಬಿ ಹಿಡಿದು ಬಸ್ಸಿನಲ್ಲಿ ಬರತೊಡಗಿದರು. ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಸಂಜೆ ಬೃಂದಾವನ. ಉತ್ತರ ಕರ್ನಾಟಕದ ಎಷ್ಟೋ ಮಂದಿಗೆ ಮೈಸೂರು ಅಂದರೆ ಇವತ್ತಿಗೂ ಆ ಒಂದು ದಿನ.

ಶಿಕಾರಿ ನಿಂತ ಮೇಲೆ ಶಿಕಾರಿಯ ಬಂಗಲೆಗಳನ್ನು ಏನು ಮಾಡುವುದು? ಉತ್ತರ ಜಂಗಲ್ ಲಾಡ್ಜಸ್. ನೇಪಾಳದ ಟೈಗರ್ ಟಾಪ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 1980ರಲ್ಲಿ ಈ ಸಂಸ್ಥೆ ಹುಟ್ಟುಹಾಕಿ, ಕಾರಾಪುರದ ಮಹಾರಾಜರ ಬಂಗಲೆಯಲ್ಲೇ ಅಂಗಡಿ ತೆರೆಯಿತು. ಹಿಂದೆ ಬೇಟೆಗಾರರಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವ ತನಕ ಅಲ್ಲಿಯೇ ನೆಲೆಸಿ ಅತಿಥಿಗಳಿಗೆ ಕಾಡಿನ ಕಥೆ ಹೇಳುತ್ತಿದ್ದರು. ಜೀಪು, ಹರಿಗೋಲು, ರಾತ್ರಿ ಬೆಂಕಿಯ ಸುತ್ತ ಊಟ: ಈ ಕ್ರಮ ಮುಂದೆ ಖಾಸಗಿ ರೆಸಾರ್ಟ್‌ಗಳಿಗೂ ಮೇಲ್ಪಂಕ್ತಿಯಾಯಿತು. ಅರಮನೆಯ ಸತ್ಕಾರವೇ ಬಿಲ್ಲಿನ ಸಮೇತ ಮರಳಿ ಬಂದಂತೆ.

ಕಾಡಿನೊಳಗೆ ಆಗಲೇ ಇದ್ದವರ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಅಣೆಕಟ್ಟಿನಿಂದ, ರಾಷ್ಟ್ರೀಯ ಉದ್ಯಾನದಿಂದ ಆದಿವಾಸಿಗಳ ಹಾಡಿಗಳು ಎದ್ದುಹೋದವು. ನಾಗರಹೊಳೆಯ ಮುರ್ಕಲ್‌ನಲ್ಲಿ ತಾಜ್ ಸಮೂಹಕ್ಕೆ ಅರಣ್ಯ ಇಲಾಖೆ ಜಾಗ ಕೊಟ್ಟಾಗ ಆದಿವಾಸಿಗಳು ಬೀದಿಗಿಳಿದರು. ನಾವು ಸೌದೆ ಆಯ್ದರೆ ತಪ್ಪು, ಹೋಟೆಲು ಕಟ್ಟಿದರೆ ಸರಿಯೇ ಎಂಬುದು ಅವರ ಸರಳ ಪ್ರಶ್ನೆಯಾಗಿತ್ತು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡಿನ ಒಡಲಲ್ಲಿ ಪ್ರವಾಸೋದ್ಯಮವನ್ನು ಕೆಲವು ತಿಂಗಳು ನಿಲ್ಲಿಸಿ, ಮಾರ್ಗಸೂಚಿ ಬಂದ ಮೇಲೆ ಬಿಟ್ಟಿತು. ಹಾಡಿಯವರ ‘ಸಂಸ್ಕೃತಿ’ ಈಗ ಕೆಲವು ರೆಸಾರ್ಟ್‌ಗಳಲ್ಲಿ ಸಂಜೆ ಏಳರ ಕುಣಿತವಾಗಿ ಸಿಗುತ್ತದೆ. ಕಾಡು ಮತ್ತು ಸಂಸ್ಕೃತಿಯನ್ನು ಬೇರೆ ಬೇರೆ ಟಿಕೆಟ್ಟಿನಲ್ಲಿ ಮಾರುವ ಈ ರೀತಿ ನನಗೆ ಒಗ್ಗದು.

ಎರಡೂ ಒಂದೇ ಎಂಬುದಕ್ಕೆ ದಸರೆಯೇ ಸಾಕ್ಷಿ. ಕಾಡಂಚಿನ ಶಿಬಿರಗಳಿಂದ ಗಜಪಯಣದಲ್ಲಿ ಹೊರಟ ಆನೆಗಳು ಅರಮನೆಯ ಅಂಗಳಕ್ಕೆ ಬರುವಾಗ ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳೊಂದಿಗೆ ಬರುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಏಳುನೂರೈವತ್ತು ಕಿಲೋ ತೂಕದ ಅಂಬಾರಿಯಲ್ಲಿ ಈಗ ಅರಸರಲ್ಲ, ಚಾಮುಂಡೇಶ್ವರಿ. ಅದನ್ನು ಎಂಟು ಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸತ್ತಾಗ ಮೈಸೂರು ಮನೆಯವರು ಹೋದಂತೆ ಅತ್ತಿತು. ಖೆಡ್ಡಾ ನಿಂತಿದ್ದರೂ ಆನೆಯಿಂದ ಆನೆ ಹಿಡಿಸುವ ಕೆಲಸ ನಿಂತಿಲ್ಲ ಎಂಬುದು ಅವತ್ತು ಅನೇಕರಿಗೆ ಹೊಸದಾಗಿ ತಿಳಿದಂತಿತ್ತು.

ರಾಜರೂ ಇಲ್ಲದೆ ರೆಸಾರ್ಟೂ ಇಲ್ಲದೆ ಬೆಳೆದದ್ದು ಒಂದೇ ಕಡೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಲಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕರೆಯುತ್ತಾರೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. ಗೂಡಿದ್ದ ಮರದ ಹಣ್ಣು ಇಳಿಸಲಾಗದ ನಷ್ಟಕ್ಕೆ ಸರ್ಕಾರದಿಂದ ಪರಿಹಾರ ಕೊಡುವ ಪದ್ಧತಿ ಬಂತು. ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಊರ ಹುಡುಗರೊಂದಿಗೆ ‘ಹೆಜ್ಜಾರ್ಲೆ ಬಳಗ’ ಕಟ್ಟಿ ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಆದರೆ ಕೆರೆ ಬತ್ತಿದ ವರ್ಷ ಮೀನಿಲ್ಲ, ಮೀನಿಲ್ಲದಿದ್ದರೆ ಹಕ್ಕಿಯೂ ಇಲ್ಲ. ಇಲ್ಲೂ ಒಡ್ಡೇ ಮುಖ್ಯ.

2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ ಮೇಲೆ ವಾಹನಗಳು ಶ್ರೀರಂಗಪಟ್ಟಣವನ್ನು ಬಳಸಿಕೊಂಡೇ ಹೋಗುತ್ತವೆ. ದ್ವೀಪದಲ್ಲಿ ರಾತ್ರಿ ತಂಗುವವರು ಮೊದಲೂ ಕಡಿಮೆ, ಈಗ ಕಾಫಿಗೆ ನಿಲ್ಲುವವರೂ ಕಡಿಮೆ. ಇದರಿಂದ ವ್ಯಾಪಾರಿಗಳಿಗೆ ನಷ್ಟ. ಕೋಟೆಯ ಗೋಡೆ, ಹೊಳೆಯ ದಂಡೆ, ಟಿಪ್ಪುವಿನ ಗುಂಬಜ್‌ನ ದಾರಿಯಲ್ಲಿ ಸೈಕಲ್ ತುಳಿಯುವವರಿಗೆ ಲಾಭ. ಹಕ್ಕಿಗಾಗಿ ಹೋಗುವವರಿಗೆ ಡಿಸೆಂಬರ್‌ನಿಂದ ಮೇ ತನಕ ಹದ. ಮಳೆಗಾಲದಲ್ಲಿ ಹೊರಡುವುದಾದರೆ ಬೆಳಗಿನ ಪತ್ರಿಕೆಯಲ್ಲಿ ಕೆ.ಆರ್.ಎಸ್. ಹೊರಹರಿವು ಎಷ್ಟೆಂದು ನೋಡಿಕೊಳ್ಳಿ. ಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನ ರಂಗನತಿಟ್ಟಿನಲ್ಲಿ ದೋಣಿ ಇಳಿಸುವುದಿಲ್ಲ.