ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯವೂ ಬೇಸಿಗೆ ಶಿಬಿರಗಳೂ

ಈರುಳ್ಳಿಯನ್ನು ಹೆಚ್ಚಿದಾಗ ಒಂದೆರಡು ಪದರಗಳು ಲೋಳೆಯಾಗಿ ಹುಳಿ ವಾಸನೆ ಬರುವುದುಂಟು. ನ್ಯೂಯಾರ್ಕ್ ರಾಜ್ಯದ ಈರುಳ್ಳಿಯಲ್ಲಿ ಕಂಡುಬಂದ ಇಂಥದೊಂದು ಕೊಳೆರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯರೋಗ ವಿಜ್ಞಾನಿ ವಾಲ್ಟರ್ ಬರ್ಕ್‌ಹೋಲ್ಡರ್ 1950ರಲ್ಲಿ ವಿವರಿಸಿದರು. ಲ್ಯಾಟಿನ್ ಭಾಷೆಯಲ್ಲಿ 'ಸೆಪ' ಎಂದರೆ ಈರುಳ್ಳಿ. ಆದ್ದರಿಂದ ಅದಕ್ಕೆ ಸ್ಯೂಡೊಮೋನಾಸ್ ಸೆಪೇಸಿಯ ಎಂಬ ಹೆಸರಾಯಿತು. 1992ರಲ್ಲಿ ಅದು ಬರ್ಕ್‌ಹೋಲ್ಡೇರಿಯ ಸೆಪೇಸಿಯ ಆಯಿತು. ಮಣ್ಣು, ನೀರುಗಳಲ್ಲಿರುವ ಈ ಜೀವಿ ಆರೋಗ್ಯವಂತರಿಗೆ ತೊಂದರೆ ಕೊಡುವುದು ತೀರ ವಿರಳ.

ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಸ್ಥಿತಿ ಬೇರೆ. ಇದು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಕಾಣಿಸಿಕೊಳ್ಳುವ ಆನುವಂಶಿಕ ರೋಗ. ಕ್ಲೋರೈಡ್ ಅಯಾನುಗಳನ್ನು ಸಾಗಿಸುವ ಪ್ರೋಟೀನು ಕೆಲಸ ಮಾಡದೆ ಶ್ವಾಸನಾಳಗಳ ಲೋಳೆ ಅಂಟಾಗಿ ನಿಂತುಬಿಡುತ್ತದೆ. ಅಲ್ಲಿ ಬ್ಯಾಕ್ಟೀರಿಯಗಳು ನೆಲೆಯೂರುತ್ತವೆ.

1984ರಲ್ಲಿ ಕೆನಡದ ಟೊರಾಂಟೊ ಮಕ್ಕಳ ಆಸ್ಪತ್ರೆಯ ವೈದ್ಯರು ಆತಂಕದ ವರದಿಯೊಂದನ್ನು ಪ್ರಕಟಿಸಿದರು. ಅವರ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ 1971ರಲ್ಲಿ ಶೇಕಡ 10ರಷ್ಟಿದ್ದ ಈ ಸೋಂಕು 1981ರ ವೇಳೆಗೆ ಶೇಕಡ 18ಕ್ಕೆ ಏರಿತ್ತು. ಕೆಲವರಲ್ಲಿ ತೀವ್ರ ಜ್ವರ, ಶ್ವಾಸಕೋಶದ ಅಂಗಾಂಶ ಕೊಳೆಯುವ ನ್ಯುಮೋನಿಯ, ಕೊನೆಗೆ ಸಾವು. ಹಲವು ಪ್ರತಿಜೈವಿಕಗಳಿಗೆ ಬಗ್ಗದ ಈ ಸ್ಥಿತಿಗೆ 'ಸೆಪೇಸಿಯ ಸಿಂಡ್ರೋಮ್' ಎಂಬ ಹೆಸರು ಬಂತು.

ಸೋಂಕು ಬರುತ್ತಿದ್ದುದು ಎಲ್ಲಿಂದ? ಮಣ್ಣು ನೀರುಗಳಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿಯೋ, ಒಬ್ಬರಿಂದ ಇನ್ನೊಬ್ಬರಿಗೋ? ಅಮೆರಿಕದ ಕ್ಲೀವ್‌ಲೆಂಡ್‌ನಲ್ಲಿ ಸೋಂಕಿತರನ್ನು ಬೇರೆ ಇರಿಸಿದಾಗ ಹೊಸ ಸೋಂಕುಗಳು ಇಳಿದವೆಂದು 1986ರಲ್ಲಿ ವರದಿಯಾಯಿತು. ಇದು ಬಲವಾದ ಸುಳಿವು, ಆದರೆ ಪುರಾವೆಯಲ್ಲ. ಕೈತೊಳೆಯುವ ತೊಟ್ಟಿಯೋ ಉಸಿರಾಟದ ಉಪಕರಣವೋ ಎಲ್ಲರಿಗೂ ಸೋಂಕು ಹಂಚಿರಬಹುದಲ್ಲವೆ?

ಇಲ್ಲಿ ನೆರವಾದದ್ದು ಡಿಎನ್‌ಎ ಬೆರಳಚ್ಚು. ಬ್ಯಾಕ್ಟೀರಿಯದ ಡಿಎನ್‌ಎಯನ್ನು ಎಂಜೈಮಿನಿಂದ ತುಂಡರಿಸಿ ಜೆಲ್‌ನಲ್ಲಿ ವಿದ್ಯುತ್ ಹಾಯಿಸಿದರೆ ತುಂಡುಗಳು ಗಾತ್ರಕ್ಕೆ ತಕ್ಕಂತೆ ಪಟ್ಟೆಗಳಾಗಿ ಬೇರ್ಪಡುತ್ತವೆ. ಬೇರೆ ಬೇರೆ ಮೂಲದ ತಳಿಗಳ ಪಟ್ಟೆಗಳು ಸಾಮಾನ್ಯವಾಗಿ ಹೊಂದುವುದಿಲ್ಲ. 1990ರಲ್ಲಿ ಜಾನ್ ಲಿಪೂಮ ಮತ್ತು ಸಂಗಡಿಗರು ಈ ಬಗೆಯ ವಿಧಾನದಿಂದ ಸೋಂಕು ರೋಗಿಯಿಂದ ರೋಗಿಗೆ ದಾಟುತ್ತದೆಂದು ತೋರಿಸಿದರು. 1993ರಲ್ಲಿ ಜಾನ್ ಗೋವನ್ ತಂಡವು ಎಡಿನ್‌ಬರೊ ಮತ್ತು ಮ್ಯಾಂಚೆಸ್ಟರ್ ರೋಗಿಗಳನ್ನು ಅಧ್ಯಯನ ಮಾಡಿ, ಆಸ್ಪತ್ರೆಯ ಹೊರಗಿನ ಒಡನಾಟದಲ್ಲೂ ಅದು ಹರಡುತ್ತದೆಂದು ಸಾಧಿಸಿತು. ಕೆನಡ ಮತ್ತು ಬ್ರಿಟನ್ ಎರಡೂ ಕಡೆ ಒಂದೇ ತಳಿ ಕಂಡುಬಂದಿತು. ಅದನ್ನು ಇಟಿ-12 ಎಂದು ಕರೆದರು. ಸಾಗರ ದಾಟಿಸಿದ್ದು ಯಾವುದು? ಬ್ರಿಟನ್ನಿನ ರೋಗಿಗಳು ಕೆನಡದ ಬೇಸಿಗೆ ಶಿಬಿರಗಳಿಗೆ ಹೋಗಿಬಂದಿದ್ದರು.

ಈ ಶಿಬಿರಗಳು ಎಂಥವೆಂಬುದನ್ನು ಗಮನಿಸಬೇಕು. ಊರಿನಲ್ಲಿ ತನ್ನಂತೆ ಕೆಮ್ಮುವವರನ್ನೇ ಕಾಣದ ಹುಡುಗನಿಗೆ ತನ್ನ ಕಷ್ಟ ತಿಳಿದ ಗೆಳೆಯರು ಸಿಗುತ್ತಿದ್ದುದು ಅಲ್ಲಿ. ತನಿಖೆಯ ಕಾಗದದಲ್ಲಿ 'ಸಂಪರ್ಕ' ಎಂದು ದಾಖಲಾದದ್ದು ರೋಗಿಗಳ ಬದುಕಿನಲ್ಲಿ ಗೆಳೆತನವಾಗಿತ್ತು. 1990ರ ದಶಕದಲ್ಲಿ ಶಿಬಿರಗಳು ನಿಂತವು. ಸೋಂಕಿತರಿಗೆ ಬೇರೆ ವಾರ್ಡು, ಬೇರೆ ಕ್ಲಿನಿಕ್ ದಿನಗಳು ಬಂದವು. ಇದರಿಂದ ಜೀವಗಳು ಉಳಿದವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಬೆಲೆ ತೆತ್ತವರು ರೋಗಿಗಳೇ.

ಎಲ್ಲ ಸೋಂಕೂ ಹೀಗೆಯೇ ಬರುವುದಿಲ್ಲ. ಸೆಪೇಸಿಯ ಎಂಬುದು ಒಂದೇ ಪ್ರಭೇದವಲ್ಲ, ಹಲವು ನಿಕಟ ಪ್ರಭೇದಗಳ ಗುಂಪು ಎಂದು 1997ರಲ್ಲಿ ಪೀಟರ್ ವಾಂಡಮ್ ತಂಡ ತೋರಿಸಿತು. ಇಟಿ-12 ತಳಿ ಸೇರುವ ಪ್ರಭೇದದ ಇಂದಿನ ಹೆಸರು ಬರ್ಕ್‌ಹೋಲ್ಡೇರಿಯ ಸೀನೊಸೆಪೇಸಿಯ. 2016ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಈ ಗುಂಪಿನ ಸೋಂಕು ಕಾಣಿಸಿದಾಗ ಮೂಲ ಸಿಕ್ಕಿದ್ದು ರೋಗಿಗಳಲ್ಲಲ್ಲ, ಮಲಬದ್ಧತೆಗೆ ಕೊಡುವ ದ್ರವ ಔಷಧಿಯಲ್ಲಿ!

ಇತರ ಬ್ಯಾಕ್ಟೀರಿಯಗಳ ಕಥೆಯೂ ಹೊರಬಿತ್ತು. ಲಿವರ್‌ಪೂಲ್‌ನ ಕ್ಲಿನಿಕ್ ಒಂದರಲ್ಲಿ ಸ್ಯೂಡೊಮೋನಾಸ್ ಏರುಜಿನೋಸದ ಒಂದೇ ತಳಿ ಹರಡಿದ್ದು 1996ರಲ್ಲಿ ವರದಿಯಾಯಿತು. 2013ರಲ್ಲಿ ಇಂಗ್ಲೆಂಡಿನ ಪ್ಯಾಪ್‌ವರ್ತ್ ಆಸ್ಪತ್ರೆಯಲ್ಲಿ ಮೈಕೊಬ್ಯಾಕ್ಟೀರಿಯಂ ಆಬ್ಸೆಸಸ್‌ನ ಪೂರ್ಣ ಜೀನೋಮನ್ನೇ ಓದಿದಾಗ, ಕೆಲವು ರೋಗಿಗಳ ಬ್ಯಾಕ್ಟೀರಿಯಗಳು ಬಹುತೇಕ ತದ್ರೂಪವಾಗಿದ್ದವು. ನಿಯಂತ್ರಣ ಕ್ರಮಗಳಿದ್ದೂ ಸೋಂಕು ದಾಟಿತ್ತು.

ಅದೇ ವರ್ಷ ಅಮೆರಿಕದ ಸಿಸ್ಟಿಕ್ ಫೈಬ್ರೋಸಿಸ್ ಪ್ರತಿಷ್ಠಾನವು ಮಾರ್ಗಸೂಚಿಯನ್ನು ಬಿಗಿಗೊಳಿಸಿತು. ಯಾವ ಸೋಂಕಿರಲಿ, ಇಲ್ಲದಿರಲಿ, ಈ ರೋಗವಿರುವ ಇಬ್ಬರ ನಡುವೆ ಕನಿಷ್ಠ 2 ಮೀಟರ್ ಅಂತರವಿರಬೇಕು ಎಂದಿತು. ಒಂದೇ ಮನೆಯ ಸದಸ್ಯರಿಗೆ ಮಾತ್ರ ವಿನಾಯಿತಿ.